ಚೊಗರಿನ ಕಾಗದದಲ್ಲಿ ಒಂದು ಹಿಡಿ ಗುರೆಳ್ಳು

ಶಿಕಾರಿಪುರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಜ್ಯೋತಿಲಕ್ಷ್ಮಿಗೆ ವಾಸನೆ ತಿಳಿಯುವುದಿಲ್ಲ. ಹುಟ್ಟಿದಾಗಿನಿಂದ ಹೀಗೇನಲ್ಲ. ಕೊರೊನಾದ ಎರಡನೇ ಸುತ್ತಿನಲ್ಲಿ ಊರಿಗೆ ಊರೇ ಮಲಗಿ ಎದ್ದಾಗ ಅವಳೂ ಮಲಗಿ ಎದ್ದಳು. ಬೀದಿಯವರಿಗೆಲ್ಲ ಒಂದೆರಡು ತಿಂಗಳಲ್ಲಿ ವಾಸನೆ ಮರಳಿ ಬಂತು, ಇವಳಿಗೆ ಬರಲಿಲ್ಲ. ಉಪ್ಪು, ಹುಳಿ, ಖಾರ, ಒಗರು, ಹೀಗೆ ನಾಲಿಗೆಗೆ ನೇರ ದಕ್ಕುವುದಷ್ಟೇ ಅವಳ ಪಾಲಿಗೆ ಉಳಿಯಿತು. ಮಲ್ಲಿಗೆ ಮುಡಿದರೂ ಒಂದೇ, ಹಾಲು ಉಕ್ಕಿ ಸೀದರೂ ಒಂದೇ. ಡಾಕ್ಟರು ಕಾಯಿರಿ ಎಂದರು. ಕಾದಳು, ಆಮೇಲೆ ಕಾಯುವುದನ್ನೂ ಬಿಟ್ಟಳು.

ಕನಸಿನಲ್ಲಿ ಮಾತ್ರ ವಾಸನೆ ಬರುತ್ತದೆ. ಬೆಳಗಿನ ಜಾವದಲ್ಲಿ ಬೀಳುವ ಕನಸು, ಯಾವಾಗಲೂ ಈಸೂರಿನ ತವರುಮನೆಯ ಅಡುಗೆಮನೆ. ಅವ್ವ ಹಾಲಮ್ಮ ಒಲೆಯ ಮುಂದೆ ಕೂತು ಗುರೆಳ್ಳು ಹುರಿಯುತ್ತಿರುತ್ತಾಳೆ. ಕರಿ ಕಾಳು ಚಿಟಪಟ ಸಿಡಿಯುತ್ತದೆ, ಎಣ್ಣೆಯ ಘಮ ಏಳುತ್ತದೆ, ಅದರ ಹಿಂದೆಯೇ ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಅವೆಲ್ಲದರ ಅಡಿಯಲ್ಲಿ ಇನ್ನೊಂದು ವಾಸನೆ ಇರುತ್ತದೆ, ತೆಳ್ಳಗೆ, ಬಹಳ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆಯನ್ನು ತೆರೆದಾಗ ಬರುವಂಥದ್ದು. ಅದಕ್ಕೆ ಹೆಸರೇನೆಂದು ಅವಳಿಗೆ ಗೊತ್ತಿಲ್ಲ. ಆದರೆ ಆ ವಾಸನೆ ಬಂತೆಂದರೆ ಅವ್ವ ಬಂದಳು ಎಂದೇ ಲೆಕ್ಕ. ಎಚ್ಚರಾದ ಮೇಲೂ ಅವಳು ಕಣ್ಣು ಬಿಡದೆ ಸ್ವಲ್ಪ ಹೊತ್ತು ಹಾಗೇ ಮಲಗಿರುತ್ತಾಳೆ, ಬಿಟ್ಟರೆ ಎಲ್ಲಿ ಹೊರಟುಹೋಗುತ್ತದೋ ಎಂದು. ಕೊನೆಗೆ ಕಣ್ಣು ಬಿಡಲೇಬೇಕಾಗುತ್ತದೆ, ಒಂಬತ್ತೂವರೆಗೆ ಕಾಲೇಜು.

ಹಾಲಮ್ಮ ತೀರಿಕೊಂಡಿದ್ದು ಹೋದ ವರ್ಷ ಯುಗಾದಿ ಕಳೆದ ಮೇಲೆ. ಗಟ್ಟಿ ಹೆಂಗಸು. ಅವಳ ಗುರೆಳ್ಳು ಚಟ್ನಿಪುಡಿ ತಿಂದವರು ಮತ್ತೊಬ್ಬರ ಮನೆಯ ಪುಡಿಯನ್ನು ಮೆಚ್ಚುವ ಮಾತೇ ಇರಲಿಲ್ಲ. ಆ ಪುಡಿಗೆ ಒಂದು ಕಟ್ಟಳೆ ಇತ್ತು. ಡಬ್ಬಿ ಯಾವತ್ತೂ ಬರಿದಾಗುವಂತಿಲ್ಲ. ಪುಡಿ ತಳ ಕಂಡಾಗ ಒಂದು ಹಿಡಿ ಉಳಿಸಿ, ಹೊಸದು ಕುಟ್ಟುವಾಗ ಆ ಹಳೇ ಹಿಡಿಯನ್ನು ಒರಳಿಗೆ ಸುರಿಯಬೇಕು. ಹಾಲಮ್ಮನ ಅವ್ವನೂ ಹಾಗೇ ಮಾಡುತ್ತಿದ್ದಳಂತೆ, ಆಕೆಯ ಅತ್ತೆಯೂ ಅಂತೆ. ಆ ಲೆಕ್ಕದಲ್ಲಿ ಡಬ್ಬಿಯ ಒಳಗೆ ಯಾವ ಕಾಲದ ಯಾವ ಅಜ್ಜಿಯ ಕಾಳಿತ್ತೋ ಯಾರಿಗೆ ಗೊತ್ತು.

ರಸಾಯನಶಾಸ್ತ್ರ ಓದಿಕೊಂಡು ಬಂದ ಮಗಳು ಸುಮ್ಮನಿರುತ್ತಾಳೆಯೇ? "ಅವ್ವ, ಗುರೆಳ್ಳಲ್ಲಿ ಎಣ್ಣೆ ಜಾಸ್ತಿ. ಗಾಳಿ ತಾಗ್ತಾ ತಾಗ್ತಾ ಕಮಟು ಹಿಡಿತೈತೆ. ಒಂದು ಕಣ ಕೆಟ್ರೆ ಪಕ್ಕದ್ದನ್ನ ಕೆಡಸ್ತೈತೆ, ಅದು ಇನ್ನೊಂದನ್ನ. ಹಳೇದನ್ನ ಹೊಸದಕ್ಕೆ ಹಾಕಿದ್ರೆ ನೀನೇ ಕೈಯಾರೆ ಕೆಡಿಸಿದಂಗೆ" ಎಂದು ತಿಳಿಸಿ ಹೇಳುತ್ತಿದ್ದಳು. ಹಾಲಮ್ಮ ಮಗಳ ಮಾತನ್ನು ಕಿವಿಗೊಟ್ಟು ಕೇಳುತ್ತಿದ್ದಳು, ತಲೆಯನ್ನೂ ಆಡಿಸುತ್ತಿದ್ದಳು. "ಇರಬೌದವಾ. ಆದ್ರೂ ಹೊಸದಕ್ಕೆ ಒಬ್ರು ಹಳಬರು ಬೇಕು" ಎಂದು ಹಳೇ ಹಿಡಿಯನ್ನು ಒರಳಿಗೆ ಹಾಕಿಯೇ ಬಿಡುತ್ತಿದ್ದಳು. ಮಗಳಿಗೆ ಮೈಯೆಲ್ಲ ಉರಿಯುತ್ತಿತ್ತು, ಊಟಕ್ಕೆ ಕೂತಾಗ ಮಾತ್ರ ಎರಡು ರೊಟ್ಟಿ ಜಾಸ್ತಿಯೇ ಇಳಿಯುತ್ತಿತ್ತು.

ಅವ್ವನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಜ್ಯೋತಿಲಕ್ಷ್ಮಿ ಅಡುಗೆಮನೆಯ ನೆಲುವಿನಿಂದ ಆ ಡಬ್ಬಿ ಇಳಿಸಿದಳು. ತಳದಲ್ಲಿ ಒಂದು ಹಿಡಿ ಪುಡಿ ಇತ್ತು, ಅಷ್ಟೇ. ಮುಂದಿನ ಸಲಕ್ಕೆಂದು ಹಾಲಮ್ಮ ಉಳಿಸಿಟ್ಟಿದ್ದು. ಅವ್ವನ ಸೀರೆ ಇತ್ತು, ಕನ್ನಡಕ ಇತ್ತು, ಗೋಡೆಯ ಮೇಲೆ ಫೋಟೋ ಇತ್ತು. ಆದರೆ ಅವ್ವನ ಕೈ ಮಾಡಿದ್ದು ಅಂತ ಲೋಕದಲ್ಲಿ ಉಳಿದದ್ದು ಇದೊಂದೇ. ಅದು ದಿನ ದಿನಕ್ಕೂ ಗಾಳಿಯ ಪಾಲಾಗುತ್ತಿದೆ ಎಂಬುದನ್ನು ಮನೆಯ ಬೇರೆಯವರಿಗಾದರೆ ಯಾರಾದರೂ ಹೇಳಿಕೊಡಬೇಕಿತ್ತು. ಇವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಅತ್ತಳು, ಚೆನ್ನಾಗಿಯೇ ಅತ್ತಳು.

ಕಾಗದದ ಹುಚ್ಚು ಹತ್ತಿದ್ದು ಹೀಗೆ. ಎಣ್ಣೆಯ ಅಂಶ ಇರುವ ತಿಂಡಿಗೆ ಪ್ಲಾಸ್ಟಿಕ್ಕಿಗಿಂತ ಒಳ್ಳೆಯ ಹೊದಿಕೆ ಮಾಡಬಹುದು ಎಂದು ಅವಳು ವಿದ್ಯಾರ್ಥಿಗಳ ಪ್ರಾಜೆಕ್ಟಿಗಾಗಿ ಮೊದಲೇ ಓದಿಟ್ಟುಕೊಂಡಿದ್ದಳು. ಗಿಡಮರಗಳ ನಾರಿನಲ್ಲಿರುವುದು ಸೆಲ್ಯುಲೋಸು, ಕಾಗದವೆಂದರೂ ಅದೇ. ಆ ನಾರಿಗೆ ಒಗರು ಕಾಯಿ, ಒಗರು ತೊಗಟೆಯ ಸಾರವನ್ನು ಕಟ್ಟಿಹಾಕಿದರೆ, ಎಣ್ಣೆಯನ್ನು ಕೆಡಿಸಲು ಬರುವ ಗಾಳಿಯ ಕಾಟವನ್ನು ಆ ಒಗರೇ ಮೈಮೇಲೆ ತೆಗೆದುಕೊಳ್ಳುತ್ತದೆ. ಎಣ್ಣೆಯ ಬದಲು ಅದು ಕೆಡುತ್ತದೆ. ಓದುವಾಗ ಅದು ಬರೀ ಪಾಠವಾಗಿತ್ತು. ಡಬ್ಬಿ ಮನೆಗೆ ಬಂದ ಮೇಲೆ ಸ್ವಂತದ್ದಾಯಿತು.

ನಾರಿಗೇನು ಬರ? ಗಂಡ ಗುರುಪ್ರಕಾಶನ ಹೊಲದಲ್ಲಿ ಮೆಕ್ಕೆಜೋಳದ ತೆನೆ ಸುಲಿದ ಸಿಪ್ಪೆ ಗುಡ್ಡೆ ಬಿದ್ದಿರುತ್ತದೆ. ಅದನ್ನು ಸೋಡಾ ಹಾಕಿ ಕುದಿಸಿ, ತೊಳೆದು, ರುಬ್ಬಿ, ಸೊಳ್ಳೆಪರದೆ ಬಿಗಿದ ಚೌಕಟ್ಟಿನ ಮೇಲೆ ತೆಳ್ಳಗೆ ಹರಡಿ ಒಣಗಿಸಿದರೆ ಕಾಗದ. ಒಗರಿಗೆ ಚೊಗರು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ರಸ. ಅದನ್ನು ಸೊರಬದ ಕಡೆಯಿಂದ ಚಿಕ್ಕವ್ವ ಮಾಳಮ್ಮ ಎಣ್ಣೆ ಕ್ಯಾನಿನಲ್ಲಿ ತುಂಬಿ ಬಸ್ಸಿಗೆ ಹಾಕಿ ಕಳಿಸಿದಳು. ಮಾಳಮ್ಮ ಎಂದರೆ ಹಾಲಮ್ಮನ ತಂಗಿ. ಈಸೂರಿನಲ್ಲಿ ಹುಟ್ಟಿ, ಆನವಟ್ಟಿಯ ಆಚೆಗೆ ಮದುವೆಯಾಗಿ, ಏನು ಎನ್ನುವ ಕಡೆಯೆಲ್ಲ ಎಂತ ಎನ್ನಲು ಕಲಿತವಳು.

ಮೊದಮೊದಲು ಎಲ್ಲ ಎಡವಟ್ಟು. ಕಬ್ಬಿಣದ ಬಾಂಡಲಿಯಲ್ಲಿ ಚೊಗರು ಕಾಯಿಸಿದಳು, ಕಬ್ಬಿಣವೂ ಚೊಗರೂ ಕೂಡಿ ಕಾಗದವೆಲ್ಲ ಮಸಿಯಂತೆ ಕಪ್ಪಾಯಿತು. ಬೇರೆಯವರು ಮಾಡಿದ್ದರೆ ಸರಿ, ಮಕ್ಕಳಿಗೆ ಇದೇ ಪಾಠವನ್ನು ವರ್ಷ ವರ್ಷವೂ ಹೇಳುವ ಮೇಡಂ ಮಾಡಬಹುದೇ? ಸ್ಟೀಲಿನ ಪಾತ್ರೆಗೆ ಬದಲಾಯಿಸಿದಳು. ಕಾಗದಕ್ಕೆ ಇಟ್ಟಿಗೆಯ ಬಣ್ಣ ಬಂತು, ಒದ್ದೆ ಕೈ ತಾಗಿದರೆ ಬಣ್ಣ ಕೈಗೇ ಬಂತು. ಚೊಗರು ನಾರಿನ ಮೇಲೆ ಸುಮ್ಮನೆ ಕೂತಿತ್ತು, ನೆಂಟರ ಹಾಗೆ. ಅದನ್ನು ಮನೆಯವರನ್ನಾಗಿ ಮಾಡಿಕೊಳ್ಳಬೇಕಿತ್ತು. ಅದಕ್ಕೆ ನಿಂಬೆ ಉಪ್ಪು ಆಗುತ್ತದೆ ಎಂದು ಓದಿದ್ದಳು. ನಿಂಬೆ ಉಪ್ಪು ಒಂದು ಕೈಯಲ್ಲಿ ನಾರನ್ನೂ ಇನ್ನೊಂದು ಕೈಯಲ್ಲಿ ಚೊಗರನ್ನೂ ಹಿಡಿದುಕೊಳ್ಳುತ್ತದೆ, ಆದರೆ ಒಳ್ಳೆಯ ಬಿಸಿ ಕೊಟ್ಟರೆ ಮಾತ್ರ. ಕಾಲೇಜಿನ ಓವನ್ ಕೆಟ್ಟು ಕೂತಿತ್ತು. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು.

ಹೀಗಾಗಿ ಆ ಮಳೆಗಾಲವೆಲ್ಲ ಗುರುಪ್ರಕಾಶ ಮುದುಡಿದ ಅಂಗಿಯಲ್ಲೇ ತನ್ನ ಗೊಬ್ಬರದ ಅಂಗಡಿಗೆ ಹೋದ. ಕೇಳಿದವರಿಗೆ "ನಮ್ಮನೇಲಿ ಕಾಗದಕ್ಕೆ ಇಸ್ತ್ರಿ ಹಾಕ್ತಾರ್ರೀ, ಅಂಗಿಗೆ ಪುರುಸೊತ್ತಿಲ್ಲ" ಎನ್ನುತ್ತಿದ್ದ. ಜ್ಯೋತಿಲಕ್ಷ್ಮಿ ಕಿಟಕಿಯ ಬಳಿ ನಿಂತು ಹಾಳೆಯ ಮೇಲೆ ಹಳೇ ಬಟ್ಟೆ ಹಾಸಿ ಮೆಲ್ಲಗೆ ಇಸ್ತ್ರಿ ಎಳೆಯುವಳು. ಹೊರಗೆ ಮಳೆ, ಒಳಗೆ ಬೆಚ್ಚನೆಯ ಆವಿ. ಹಾಳೆಯ ಕೆಂಪು ನಿಧಾನಕ್ಕೆ ಗಾಢವಾಗಿ, ಸಂಜೆಯ ಕೆರೆಯ ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ಅವಳು ಎಲ್ಲಿದ್ದೇನೆಂಬುದನ್ನೇ ಮರೆಯುವಳು. ಅವ್ವನ ಸೆರಗಿನ ಅಂಚಿಗೆ ಒಮ್ಮೆ ಚೊಗರು ತಾಗಿ, ಆ ಕಲೆ ಸೀರೆ ಹರಿದರೂ ಹೋಗಿರಲಿಲ್ಲ. ಆ ಸೆರಗು ಕಣ್ಣ ಮುಂದೆ ಬರುವುದು. ಇಸ್ತ್ರಿ ಹಾಕಿದ ಹಾಳೆಯನ್ನು ನೀರಲ್ಲಿ ಅದ್ದಿದಳು. ನೀರು ತಿಳಿಯಾಗಿಯೇ ಉಳಿಯಿತು. ಅವಳು ಅಡುಗೆಮನೆಯಲ್ಲಿ ಒಬ್ಬಳೇ ಕುಣಿದಳು ಎಂದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಕುಣಿದಳು.

ಕಾಗದ ಕೆಲಸ ಮಾಡುತ್ತದೆಯೇ ಎಂದು ತಿಳಿಯಲು ಬೇರೆಯವರಾದರೆ ಮೂಸಿ ನೋಡುತ್ತಿದ್ದರು. ಇವಳಿಗೆ ನೀಲಿ ಬಣ್ಣವೇ ಮೂಗು. ಪುಡಿಯಿಂದ ಎಣ್ಣೆ ತೆಗೆದು ಅದಕ್ಕೆ ಸೇರಿಸಬೇಕಾದ್ದನ್ನು ಸೇರಿಸಿದರೆ, ಎಣ್ಣೆ ಎಷ್ಟು ಕೆಟ್ಟಿದೆಯೋ ಅಷ್ಟು ಅಯೋಡಿನ್ ಹೊರಗೆ ಬರುತ್ತದೆ. ಅದಕ್ಕೆ ಗಂಜಿ ಹಾಕಿದರೆ ಗಾಢ ನೀಲಿ. ಆಮೇಲೆ ಇನ್ನೊಂದು ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡುತ್ತ ಹೋದರೆ ನೀಲಿ ಹೊರಟುಹೋಗುತ್ತದೆ. ಬೇಗ ಹೋದರೆ ಎಣ್ಣೆ ಚೆನ್ನಾಗಿದೆ, ಹಟ ಹಿಡಿದರೆ ಕೆಟ್ಟಿದೆ. ಅಂಗಡಿಯ ಪುಡಿಯನ್ನು ಬರೀ ಕಾಗದದಲ್ಲೂ ಚೊಗರಿನ ಕಾಗದದಲ್ಲೂ ಕಟ್ಟಿಟ್ಟು ನೋಡಿದಳು. ಚೊಗರಿನ ಕಾಗದದ ನೀಲಿ ಪ್ರತಿ ಸಲವೂ ಮೊದಲು ಹೊರಟುಹೋಯಿತು.

ಆದರೂ ಮನೆಗಳಲ್ಲಿ ಇಟ್ಟು ನೋಡಬೇಕಲ್ಲ. ಒಂದಷ್ಟು ಪೊಟ್ಟಣ ಕಟ್ಟಿ, ಬಿಚ್ಚದೆ ಇಟ್ಟುಕೊಳ್ಳಿ ಎಂದು ಹೇಳಿ ಮಾಳಮ್ಮನ ಮನೆಗೆ ಕಳಿಸಿದಳು. ತಿಂಗಳು ಕಳೆದು ವಾಪಸು ತರಿಸಿದರೆ ಪೊಟ್ಟಣಗಳಿಗೆ ಮೂಲೆಗಳೇ ಇರಲಿಲ್ಲ. ಇಲಿ ಎಂದುಕೊಂಡು ಫೋನು ಮಾಡಿದಳು.

"ಇಲಿ ಎಂತಕ್ಕೆ ಬರ್ತದೆ? ನಾನೇ ಹರ್ಕೊಂಡಿದ್ದು" ಎಂದಳು ಮಾಳಮ್ಮ. "ಊಟ ಆದ್ಮೇಲೆ ಅಡಿಕೆ ಮುಗಿದಿತ್ತು ಮಾರಾಯ್ತಿ. ಒಂದು ಚೂರು ಬಾಯಿಗೆ ಹಾಕ್ದೆ. ಒಳ್ಳೇ ಒಗರು ಅದೆ. ಆಮೇಲೆ ಪಕ್ಕದ ಮನೆಯೋರೂ ಕೇಳಿದ್ರು."

"ಚಿಕ್ಕವ್ವ, ಅದು ತಿನ್ನೋದಲ್ಲ! ಒಳಗಿರೋದನ್ನ ಕಾಯೋದು!"

"ಒಳಗಿಂದು ಹಂಗೇ ಐತಲ್ಲ, ನಾ ಮುಟ್ಟಿದ್ನಾ?"

ಮೂಲೆ ಹೋದ ಪೊಟ್ಟಣದೊಳಗೆ ಗಾಳಿ ನುಗ್ಗಿ, ತಿಂಗಳ ಕೆಲಸ ನೀರಿಗೆ ಬಿದ್ದಿತ್ತು. ಜ್ಯೋತಿಲಕ್ಷ್ಮಿ ಸಿಟ್ಟಿಗೆ ಫೋನಿಟ್ಟಳು. ಗುರುಪ್ರಕಾಶ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಕಾಗದ ಜಗಿಯುವ ಗಿರಾಕಿಗಳು ಇರುವುದು ಈ ಎರಡು ತಾಲ್ಲೂಕಿನಲ್ಲಿ ಮಾತ್ರ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ.

ಇಷ್ಟೆಲ್ಲ ಯಾವುದಕ್ಕಾಗಿ ಶುರುವಾಯಿತೋ ಆ ಅವ್ವನ ಹಿಡಿ ಮಾತ್ರ ಎಲ್ಲಕ್ಕಿಂತ ಒಳ್ಳೆಯ ಹಾಳೆಯಲ್ಲಿ, ಡಬ್ಬಿಯೊಳಗೆ, ಫ್ರಿಜ್ಜಿನ ಹಿಂಬದಿಯ ಕತ್ತಲಲ್ಲಿ ಮಲಗಿತ್ತು. ಭಾನುವಾರ ಭಾನುವಾರ ಅವಳು ಅದನ್ನು ಹೊರತೆಗೆದು ಮೂಗಿಗೆ ಹಿಡಿಯುತ್ತಿದ್ದಳು. ಏನೂ ಬರುತ್ತಿರಲಿಲ್ಲ. ನಾಲಿಗೆಗೆ ಒಂದು ಚಿಟಿಕೆ ಹಾಕಿಕೊಳ್ಳಲೂ ಜೀವ ಬರುತ್ತಿರಲಿಲ್ಲ, ಹಾಕಿಕೊಂಡರೂ ಉಪ್ಪು ಖಾರ ಬಿಟ್ಟು ಇನ್ನೇನು ತಿಳಿದೀತು? ಆಮೇಲೆ ಗಂಡನ ಮೂಗಿಗೆ ಹಿಡಿಯುವಳು.

"ರೀ, ಹೆಂಗೈತ್ರೀ? ನಿಜ ಹೇಳ್ರಿ."

"ಚೆನ್ನಾಗೈತೆ ಕಣೆ. ಮೊನ್ನೆ ಕುಟ್ಟಿದಂಗೈತೆ."

ಪ್ರತಿ ವಾರ ಅದೇ ಮಾತು, ಅದೇ ದನಿ. ಅವಳಿಗೆ ಅನುಮಾನ. ನೀಲಿ ಬಣ್ಣದ ಪರೀಕ್ಷೆ ಮಾಡಿದರೆ ಸತ್ಯ ತಿಳಿಯುತ್ತದೆ, ಆದರೆ ಪರೀಕ್ಷೆಗೆ ಪುಡಿ ಬೇಕು, ಇರುವುದು ಒಂದೇ ಹಿಡಿ. ತಿಳಿದುಕೊಳ್ಳಬೇಕೆಂದರೆ ಕಳೆದುಕೊಳ್ಳಬೇಕು. ಇಟ್ಟುಕೊಳ್ಳಬೇಕೆಂದರೆ ಏನನ್ನು ಇಟ್ಟುಕೊಂಡಿದ್ದೇನೆ ಎಂಬುದೇ ಗೊತ್ತಾಗುವಂತಿಲ್ಲ. ಒಳಗಿರುವುದು ಇನ್ನೂ ಅವ್ವನೋ, ಬರೀ ಕೆಟ್ಟ ಎಣ್ಣೆಯೋ? ತರಗತಿಯಲ್ಲಿ ಪಾಠ ಹೇಳುತ್ತಿರುವಾಗಲೇ ಈ ಯೋಚನೆ ಬಂದು ಬೋರ್ಡಿನ ಮುಂದೆ ಚಾಕ್‌ಪೀಸು ಹಿಡಿದು ಹಾಗೇ ನಿಂತುಬಿಡುತ್ತಿದ್ದಳು. ಮಕ್ಕಳು ಮೇಡಂ ಲೆಕ್ಕ ಹಾಕುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಭೂಮಿ ಹುಣ್ಣಿಮೆ ಬಂತು. ಭತ್ತ ಹೊಡೆಯೊಡೆದು ತೆನೆ ತೋರಿ ನಿಂತಿರುವ ಕಾಲ, ಭೂಮಿತಾಯಿ ಬಸುರಿ ಎಂದು ಅವಳ ಬಯಕೆಗೆ ಬಗೆಬಗೆಯ ಅಡುಗೆ ಮಾಡಿ ಹೊಲಕ್ಕೆ ಒಯ್ದು ಚರಗವೆಂದು ಚೆಲ್ಲುವ ಹಬ್ಬ. ದಾವಣಗೆರೆಯ ಹಾಸ್ಟೆಲಿನಿಂದ ಮಗಳು ರಕ್ಷಿತಾ ಹಬ್ಬದ ಬೆಳಗ್ಗೆ ಬರುವವಳಿದ್ದಳು. ಮಾಳಮ್ಮ ಹಿಂದಿನ ದಿನವೇ ಚೀಲ ಹೊತ್ತು ಬಂದಿಳಿದಳು. ಬಂದವಳೇ ಸೆರಗು ಸಿಕ್ಕಿಸಿ ಗುರೆಳ್ಳು ಹುರಿಯಲು ಕೂತಳು. ಹಿತ್ತಿಲ ಒರಳನ್ನು ತೊಳೆಸಿದಳು, ಮಿಕ್ಸಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಬೆಳ್ಳುಳ್ಳಿ, ಮೆಣಸಿನಕಾಯಿ, ಉಪ್ಪು ಎಲ್ಲ ಬಿದ್ದ ಮೇಲೆ ಕೈ ಚಾಚಿದಳು.

"ಅಕ್ಕನ ಹಿಡಿ ಎಲ್ಲದೆ? ತಾ ಇತ್ಲಾಗೆ."

"ಅದು ಬ್ಯಾಡ ಚಿಕ್ಕವ್ವ. ಅದಿರ್ಲಿ."

"ಇಟ್ಕಂಡು ಎಂತ ಮಾಡ್ತೀಯೇ? ಪೂಜೆ ಮಾಡ್ತೀಯ?"

"ಹೊಸದೆಲ್ಲ ಕೆಟ್ಟೋಗ್ತೈತೆ."

"ನಿಮ್ಮವ್ವ ಆಯುಷ್ಯಪೂರ್ತಿ ಹಾಕಿದ್ಲಲ್ಲ. ತಿಂದೋರು ಯಾರು ಬಿದ್ದುಹೋದ್ರು?" ಎಂದು ಮಾಳಮ್ಮ ತಾನೇ ಎದ್ದು ಫ್ರಿಜ್ಜಿಗೆ ಕೈ ಹಾಕಿದಳು. ಜ್ಯೋತಿಲಕ್ಷ್ಮಿ ಅಡ್ಡ ನಿಂತಳು, ಆದರೆ ಹಿರಿಯರ ಕೈಯಿಂದ ಡಬ್ಬಿ ಕಸಿಯಲಾದೀತೇ? ಮಾಳಮ್ಮ ಹಾಳೆಯ ಮಡಿಕೆ ಬಿಡಿಸಿದಳು. ಮೂಗಿನ ಹತ್ತಿರ ತಂದಳು. ಕಣ್ಣು ಮುಚ್ಚಿದಳು.

ಒಮ್ಮೆ ಮೂಸಿ, ಹಾಳೆಯನ್ನು ತಿರುಗಿಸಿ ಮತ್ತೊಮ್ಮೆ ಮೂಸಿದಳು.

"ಕಮಟು ಹತ್ತ್ಯದೆ" ಎಂದಳು ಮಾಳಮ್ಮ.

ಜ್ಯೋತಿಲಕ್ಷ್ಮಿ ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತಳು. ಮುಗಿಯಿತು. ನಾರು, ಚೊಗರು, ಇಸ್ತ್ರಿ, ನೀಲಿ, ಎಲ್ಲ ಮುಗಿಯಿತು. ಅವ್ವ ಎರಡನೇ ಸಲ ಹೋದಂತಾಯಿತು. ಆದರೂ ಅಭ್ಯಾಸ ಎಲ್ಲಿಗೆ ಹೋಗುತ್ತದೆ? "ಎಷ್ಟು ಹತ್ತೈತೆ?" ಎಂದು ಕೇಳಿದಳು.

"ಎಷ್ಟು ಅಂದ್ರೆ? ಅಕ್ಕನ ಡಬ್ಬೀಲಿ ಯಾವಾಗ್ಲೂ ಇರ್ತಿತ್ತಲ್ಲ, ಅಷ್ಟು."

"ಯಾವಾಗ್ಲೂ?"

"ಮತ್ತೆ? ಹಳೇ ಹಿಡಿ ಹಾಕೋದು ಎಂತಕ್ಕೆ ಅಂದ್ಕಂಡಿದ್ದೆ? ಅಡೀಲಿ ಆ ಒಂದೆಳೆ ಕಮಟು ಇಲ್ದಿದ್ರೆ ಅದು ಅಂಗಡಿ ಪುಡಿ. ಅದಿದ್ರೆ ನಮ್ಮವ್ವಂದು, ಅಕ್ಕಂದು." ಮಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿನ್ನ ಕಾಗದ ಗಟ್ಟಿ ಅದೆ ಮಾರಾಯ್ತಿ. ಇಷ್ಟು ದಿನಕ್ಕೆ ಇದು ಕಹಿಯಾಗಿ ಬಾಯಿಗಿಡಂಗೆ ಇರ್ಬಾರ್ದಿತ್ತು. ಅಕ್ಕ ಬಿಟ್ಟುಹೋದ ಜಾಗದಲ್ಲೇ ಹಿಡ್ದು ನಿಲ್ಸ್ಯದೆ."

ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ಗುರುಪ್ರಕಾಶ, ಅದೇ ಮುದುಡಿದ ಅಂಗಿ. "ಮೊದಲ್ನೇ ವಾರದಿಂದ್ಲೂ ಇತ್ತು ಕಣೆ ಆ ವಾಸ್ನೆ" ಎಂದ. "ಹೇಳಿದ್ರೆ ಕೆಟ್ಟೈತೆ ಅಂತ ಎಲ್ಲಿ ಚೆಲ್ಲಿಬಿಡ್ತೀಯೋ, ಆಮೇಲೆ ಎಲ್ಲಿ ಅಳ್ತಾ ಕೂರ್ತೀಯೋ ಅಂತ ಸುಮ್ನಿದ್ದೆ. ಅದು ಅತ್ತೆ ಪುಡಿ ವಾಸ್ನೇನೇ."

ಜ್ಯೋತಿಲಕ್ಷ್ಮಿ ಇಬ್ಬರನ್ನೂ ನೋಡಿದಳು. ಬೆಳಗಿನ ಜಾವದ ಕನಸಿನಲ್ಲಿ ಎಲ್ಲದರ ಅಡಿಯಲ್ಲಿ ಬರುವ, ಹೆಸರು ಗೊತ್ತಿಲ್ಲದ ಆ ವಾಸನೆ. ಅದರ ಹೆಸರನ್ನು ಅವಳು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದಳು. ಅದನ್ನು ತಡೆಯಲೆಂದೇ ಒಂದಿಡೀ ಮಳೆಗಾಲ ಕಾಗದಕ್ಕೆ ಇಸ್ತ್ರಿ ಹಾಕಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು. ಗಂಡನ ಸುಳ್ಳಿನ ಮೇಲೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಅವನ ಮೇಲೆ ಪ್ರೀತಿಯೂ ಉಕ್ಕಿತು.

"ನೀನೇ ಹಾಕು" ಎಂದು ಮಾಳಮ್ಮ ಹಾಳೆಯನ್ನು ಅವಳ ಕೈಗಿಟ್ಟಳು. "ನಾ ತಂಗಿ. ನೀ ಮಗಳು."

ಅವಳು ಪುಡಿಯನ್ನು ಅಂಗೈಗೆ ಸುರಿದುಕೊಂಡಳು. ಅಂಗೈ ತುಂಬ ಅವ್ವ, ತಣ್ಣಗೆ. ಒರಳಿನ ಮೇಲೆ ಕೈ ಹಿಡಿದವಳಿಗೆ ಬೆರಳು ಬಿಡಿಸಲು ಆಗಲಿಲ್ಲ. ಬಿಟ್ಟರೆ ಮತ್ತೆ ಬೇರೆ ಮಾಡಿ ತೆಗೆಯುವಂತಿಲ್ಲ. ಹೊಸ ಗುರೆಳ್ಳಿನ ಬಿಸಿ ಕೆಳಗಿನಿಂದ ಮುಂಗೈಗೆ ಬಡಿಯುತ್ತಿತ್ತು. ಒಂದೊಂದೇ ಬೆರಳು ಸಡಿಲಿಸಿದಳು. ಗೆರೆಗಳಲ್ಲಿ ಅಂಟಿಕೊಂಡಿದ್ದನ್ನೂ ಇನ್ನೊಂದು ಕೈಯಿಂದ ಉಜ್ಜಿ ಉದುರಿಸಿದಳು. ಮಾಳಮ್ಮ ಒನಕೆ ಎತ್ತಿದಳು.

ಮರುದಿನ ಅಂಬ್ಲಿಗೊಳದ ನಾಲೆಯ ಪಕ್ಕದ ತಮ್ಮ ಗದ್ದೆಗೆ ಎಲ್ಲರೂ ಹೋದರು. ಇಬ್ಬನಿ ಇನ್ನೂ ಆರಿರಲಿಲ್ಲ. ಭತ್ತದ ತೆನೆ ತಲೆ ಬಾಗಿಸಿ ಸುಮ್ಮನೆ ನಿಂತಿತ್ತು, ನಾಲೆಯ ನೀರು ಅವಸರವಿಲ್ಲದೆ ಹರಿಯುತ್ತಿತ್ತು. ಗುರುಪ್ರಕಾಶ ಪೂಜೆ ಮಾಡಿ ಚರಗ ಚೆಲ್ಲಿ ಬಂದ. ಅವತ್ತು ಅವನ ಅಂಗಿಗೆ ಇಸ್ತ್ರಿ ಆಗಿತ್ತು. ಬದುವಿನ ಮೇಲೆ ಕಂಬಳಿ ಹಾಸಿ, ಜ್ಯೋತಿಲಕ್ಷ್ಮಿ ಬುತ್ತಿ ಬಿಚ್ಚಿದಳು. ಚಟ್ನಿಪುಡಿ ಚೊಗರಿನ ಕಾಗದದ ಪೊಟ್ಟಣದಲ್ಲಿತ್ತು. ಮುಂದಿನ ಸಲಕ್ಕೆಂದು ಒಂದು ಹಿಡಿಯನ್ನು ಮನೆಯಲ್ಲೇ ಬೇರೆ ಹಾಳೆಯಲ್ಲಿ ಕಟ್ಟಿಟ್ಟು ಬಂದಿದ್ದಳು.

ಬೆಳಗ್ಗೆಯಷ್ಟೇ ಬಸ್ಸಿಳಿದಿದ್ದ ರಕ್ಷಿತಾಗೆ ಯಾರೂ ಏನೂ ಹೇಳಿರಲಿಲ್ಲ. ರೊಟ್ಟಿಯ ಮೇಲೆ ಪುಡಿ ಹಾಕಿಕೊಂಡು, ಮೊಸರು ಬಿಟ್ಟುಕೊಂಡು ಒಂದು ತುತ್ತು ಬಾಯಿಗಿಟ್ಟಳು. ಜ್ಯೋತಿಲಕ್ಷ್ಮಿಗೆ ಅವಳ ಕಡೆ ನೋಡುವ ಧೈರ್ಯವಾಗಲಿಲ್ಲ. ಪೊಟ್ಟಣದ ಒಂದು ಮೂಲೆಯನ್ನು ಹರಿದು, ಚಿಕ್ಕವ್ವನ ಹಾಗೇ ತನ್ನ ಬಾಯಿಗೆ ಹಾಕಿಕೊಂಡಳು. ಒಗರು ನಾಲಿಗೆಯನ್ನು ಹಿಡಿದುಕೊಂಡಿತು, ಗಟ್ಟಿಯಾಗಿ, ಚಿಕ್ಕಂದಿನಲ್ಲಿ ಅವ್ವ ಸಂತೆಯಲ್ಲಿ ಕೈ ಹಿಡಿಯುತ್ತಿದ್ದ ಹಾಗೆ. ಇಷ್ಟಾದರೂ ಅವಳಿಗೆ ತಿಳಿಯಿತು.

ರಕ್ಷಿತಾ ಜಗಿಯುವುದನ್ನು ನಿಲ್ಲಿಸಿದ್ದಳು. ಕೈಯಲ್ಲಿದ್ದ ರೊಟ್ಟಿಯನ್ನೂ ಅಮ್ಮನನ್ನೂ ನೋಡಿದಳು.

"ಅಮ್ಮ, ಅಜ್ಜಿ ಪುಡಿ ಇನ್ನೂ ಐತಾ?"

ಜ್ಯೋತಿಲಕ್ಷ್ಮಿ ಒಗರನ್ನು ನುಂಗಿಕೊಂಡಳು.

"ಐತೆ ಕಣವ್ವ" ಎಂದಳು. "ತಿನ್ನು, ಮನೇಲಿ ಇನ್ನೂ ಐತೆ."